ಅಪ್‌ಡೇಟ್ ಹಾಕಿದ ಕೈ

“ಏಟಿಗೂ ಇದಕ್ಕೂ ಸಂಬಂಧ ಇಲ್ಲ,” ಎಂದಳು ಕಿವಿ ಡಾಕ್ಟರಮ್ಮ. “ಬಿದ್ದು ಕೆಟ್ಟಿದ್ದಲ್ಲ ಇದು. ಬೀಳೋದಕ್ಕೆ ಮುಂಚೇನೇ ಕೆಟ್ಟಿತ್ತು.”

ದುರ್ಬೀನಮ್ಮ ಕೂತಿದ್ದ ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಪೊಲೀಸ್ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆಗೆ ಇಳಿದ ಮೇಲೆ ಜನ ಅವಳಿಗೆ ಇಟ್ಟ ಹೆಸರು ಅದು. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಈಗ ಮುಖದ ಮೇಲೇ ಅನ್ನುತ್ತಾರೆ, ಅವಳೂ ತಿರುಗಿ ‘ಏನು’ ಅನ್ನುತ್ತಾಳೆ.

ಎದುರಿಗಿದ್ದವಳೂ ಓದಿ ಆದ ಡಾಕ್ಟರಲ್ಲ. ಕಿವಿ ಕೇಳದವರಿಗೆ ಮಿಷನ್ ಕೂರಿಸಿಕೊಡುವುದು ಅವಳ ಕೆಲಸ. ಡಾಕ್ಟರಮ್ಮ ಎನ್ನುವುದು ಕೇಳಿಸಿಕೊಂಡವರು ಖುಷಿಯಲ್ಲಿ ಕೊಟ್ಟ ಬಡ್ತಿ. ಅವಳ ಮುಂದೆ ಮೇಜಿನ ಮೇಲೆ ಒಂದು ಪುಟ್ಟ ಡಬ್ಬಿ, ಅದರಲ್ಲಿ ಎರಡು ಕಿವಿಮಿಷನ್, ಪಕ್ಕದಲ್ಲಿ ಒಂದು ಮೊಬೈಲು. ಮೂರೂ ಗಾಜಿನ ಗೋದಾಮಿನ ಯಜಮಾನಿಯವು, ರಿಪೇರಿಗೆಂದು ಆಸ್ಪತ್ರೆಯವರು ಒಂದು ಚೀಲದಲ್ಲಿ ಹಾಕಿ ದುರ್ಬೀನಮ್ಮನ ಕೈಗೆ ಕೊಟ್ಟಿದ್ದು.

ಆ ಯಜಮಾನಿ ತನ್ನದೇ ಗೋದಾಮಿನಲ್ಲಿ ಭಾರ ಎತ್ತುವ ಫೋರ್ಕ್‌ಲಿಫ್ಟ್ ಗಾಡಿಗೆ ಸಿಕ್ಕಿ ಆಸ್ಪತ್ರೆಯಲ್ಲಿ ಮಲಗಿದ್ದಳು. ‘ಹಾರ್ನ್ ಕೇಳಿಸಲಿಲ್ಲ’ ಎಂದು ಅವಳು ಹೇಳಿದ ಮಾತಿಗೆ, ‘ಬೇಕಂತಲೇ ಗುದ್ದಿದ’ ಎಂದು ಅಳಿಯ ಸೇರಿಸಿದ್ದಕ್ಕೆ ಡ್ರೈವರ್ ಲಾಕಪ್ಪಿನಲ್ಲಿದ್ದ. ಪೊಲೀಸ್ ಕಸ್ಟಡಿ ಮುಗಿದು ನಾಳೆ ಅವನನ್ನು ಕೊಲೆ ಯತ್ನದ ಆರೋಪದ ಮೇಲೆ ಮತ್ತೆ ಕೋರ್ಟಿಗೆ ಹಾಜರುಪಡಿಸುವವರಿದ್ದರು. ಅವನ ಹೆಂಡತಿ ದುರ್ಬೀನಮ್ಮನ ಮನೆ ಬಾಗಿಲಿಗೆ ಬಂದು, ಆವತ್ತು ಬೆಳಗ್ಗೆಯೆಲ್ಲ ಮನೆಯಲ್ಲಿ ಹೊಲಿಯುತ್ತ ಕೂತಿದ್ದೆ, ಏನಾಯ್ತೋ ಗೊತ್ತಿಲ್ಲ ಎಂದು ಅತ್ತಿದ್ದಳು.

“ಆಸ್ಪತ್ರೆಯವರು ತಲೆಗೆ ಪೆಟ್ಟು ಬಿದ್ದು ಕಿವಿ ಹೋಗಿದೆ ಅಂತಿದ್ದಾರೆ,” ಎಂದಳು ದುರ್ಬೀನಮ್ಮ.

“ಅವರು ತಲೆ ನೋಡಿದ್ದಾರೆ, ನಾನು ಫೋನ್ ನೋಡಿದ್ದೀನಿ. ಈ ಯಜಮಾನಿಗೆ ಮಿಷನ್ ಇಲ್ಲದೆ ಪಕ್ಕದಲ್ಲಿ ಪಟಾಕಿ ಹೊಡೆದ್ರೂ ಗೊತ್ತಾಗಲ್ಲ. ಈ ಮಾದರೀಲಿ ಕಿವಿಯೊಳಗಿರೋದು ಬರೀ ಸ್ಪೀಕರ್. ಕೇಳೋ ಬುದ್ಧಿ ಎಲ್ಲ ಫೋನಿನ ಆ್ಯಪ್‌ನಲ್ಲಿದೆ. ಫೋನ್ ಕೈಕೊಟ್ರೆ ಕಿವಿಗೆ ಹತ್ತಿ ತುರುಕಿದ ಹಾಗೆ.”

“ಫೋನ್ ಕೈಕೊಟ್ಟಿದೆಯಾ?”

“ಫೋನ್ ಚೆನ್ನಾಗೇ ಇದೆ. ಅದೇ ನೋಡಿ ತೊಂದರೆ.”

ಡಾಕ್ಟರಮ್ಮ ಮೊಬೈಲಿನ ಹಿಂಬದಿಯ ಕವರ್ ತೆಗೆದಳು. ಒಳಗೆ ಒಂದು ಚೂರು ಕಾಗದದಲ್ಲಿ ಪಿನ್ ನಂಬರು ಬರೆದು ಟೇಪಿನಿಂದ ಅಂಟಿಸಿತ್ತು. ಮನೆಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ಮೊಳೆಗೆ ನೇತುಹಾಕುವ ಜಾತಿ ಯಜಮಾನಿಯದು. ಆ ನಂಬರು ಒತ್ತಿ, ಸೆಟ್ಟಿಂಗ್ಸ್ ತೆರೆದು, ತಳದವರೆಗೆ ಜಾರಿಸಿ, ‘ಸಾಫ್ಟ್‌ವೇರ್ ಅಪ್‌ಡೇಟ್’ ಎಂಬಲ್ಲಿ ಬೆರಳಿಟ್ಟಳು. ಪರದೆಯ ಮೇಲೆ ಒಂದು ಚಕ್ರ ತಿರುಗಿತು. ಆಮೇಲೆ ಅಕ್ಷರ ಮೂಡಿತು: ನಿಮ್ಮ ಫೋನಿನಲ್ಲಿ ಇತ್ತೀಚಿನ ಆವೃತ್ತಿ ಇದೆ.

“ಒಳ್ಳೇದೇ ಆಯ್ತಲ್ಲ,” ಎಂದಳು ದುರ್ಬೀನಮ್ಮ.

“ನಿಮಗೆ ಒಳ್ಳೇದು, ಇವರಿಗಲ್ಲ. ಹೊಸ ಸಾಫ್ಟ್‌ವೇರ್ ಬಂದಾಗ ನಮ್ಮ ಆ್ಯಪ್ ಅದಕ್ಕೆ ಹೊಂದಲ್ಲ ಅಂತ ಗೊತ್ತಾಯ್ತು. ನಾವು ಸರಿಮಾಡಿ ಹೇಳೋವರೆಗೆ ಯಾರೂ ಅಪ್‌ಡೇಟ್ ಹಾಕ್ಕೋಬೇಡಿ ಅಂತ ಮಿಷನ್ ಹಾಕಿರೋ ಪ್ರತಿಯೊಬ್ಬರಿಗೂ ಹೇಳಿದ್ದೀನಿ. ಈ ಯಜಮಾನಿಗೆ ಗೋದಾಮಿಗೇ ಹೋಗಿ, ಎಲ್ಲರ ಎದುರಿಗೆ ಹೇಳಿದೆ. ಅಪ್‌ಡೇಟ್ ತಾನಾಗೇ ಇಳಿಯೋ ಬಟನ್ನನ್ನೂ ಆಫ್ ಮಾಡಿ ಬಂದೆ.”

“ಆದ್ರೂ ತಾನಾಗೇ ಹಾಕ್ಕೊಂಡಿರಬಹುದು. ಈ ಫೋನುಗಳನ್ನ ನಂಬೋಕಾಗುತ್ತಾ?”

ಇದು ಅವಳ ಸ್ವಂತ ಸಂಕಟ. ದುರ್ಬೀನಮ್ಮನ ಫೋನು ವರ್ಷದಿಂದ ಅಪ್‌ಡೇಟ್ ಬೇಕು ಅಪ್‌ಡೇಟ್ ಬೇಕು ಎಂದು ಗೋಗರೆಯುತ್ತಿತ್ತು. ಅವಳು ಜಪ್ಪಯ್ಯ ಅಂದರೂ ಬಗ್ಗದೆ ‘ನಂತರ ನೆನಪಿಸು’ ಒತ್ತುತ್ತಿದ್ದಳು. ಇಷ್ಟು ಹಟ ಹಿಡಿದು ಏನನ್ನೋ ಕೊಡಲು ಬರುವವರ ಮೇಲೆ ಅವಳಿಗೆ ಮೊದಲಿಂದಲೂ ಗುಮಾನಿ.

“ಇಲ್ಲಿ ನೋಡಿ,” ಎಂದಳು ಡಾಕ್ಟರಮ್ಮ. “ಬಟನ್ ಈಗಲೂ ಆಫ್ ಇದೆ. ಅದೂ ಅಲ್ದೆ ಈ ಫೋನಲ್ಲಿ ಉಸಿರಾಡೋಕೂ ಜಾಗ ಇರಲಿಲ್ಲ. ಅಪ್‌ಡೇಟ್ ಇಳಿಸಬೇಕಂದ್ರೆ ಮೊದಲು ಏನನ್ನಾದ್ರೂ ಅಳಿಸಿ ಜಾಗ ಮಾಡ್ಬೇಕು. ಆಮೇಲೆ ಪಿನ್ ಒತ್ತಬೇಕು. ಆಮೇಲೆ ‘ಈಗಲೇ ಇನ್‌ಸ್ಟಾಲ್ ಮಾಡಿ’ ಅನ್ನೋದನ್ನ ಒತ್ತಬೇಕು. ಇಷ್ಟನ್ನೂ ತಾನಾಗೇ ಮಾಡೋ ಫೋನ್ ನಾನಂತೂ ನೋಡಿಲ್ಲ.”

“ಯಾವಾಗ ಹಾಕಿದ್ದು?”

ಡಾಕ್ಟರಮ್ಮ ಇನ್ನೊಂದು ಕಡೆ ಬೆರಳಾಡಿಸಿ ಫೋನನ್ನು ತಿರುಗಿಸಿ ತೋರಿಸಿದಳು. ಅಪಘಾತವಾದ ದಿನ. ಬೆಳಗ್ಗೆ, ಗೋದಾಮಿಗೆ ಕೆಲಸದವರು ಬರುವ ಹೊತ್ತಿಗೆ ಮುಂಚೆ.

ದುರ್ಬೀನಮ್ಮ ಆ ಸಮಯವನ್ನು ಮತ್ತೊಮ್ಮೆ ಓದಿದಳು. ಅಂದರೆ ಆ ಹೆಂಗಸು ಗೋದಾಮಿನಲ್ಲಿ ಕಾಲಿಟ್ಟಾಗಲೇ ಕಿವುಡಿಯಾಗಿದ್ದಳು. ಹಾರ್ನ್ ಕೇಳಿಸಲಿಲ್ಲ ಎಂದರೆ ಹಾರ್ನ್ ಹೊಡೆಯಲಿಲ್ಲ ಎಂದಲ್ಲ. ಹಾರ್ನ್ ಹೊಡೆದೆ ಎಂದು ಡ್ರೈವರ್ ಬಾಯಿ ಬಡಿದುಕೊಂಡು ಹೇಳುತ್ತಿದ್ದದ್ದು ನಿಜ. ಯಾರೋ ಬೇಕೆಂದೇ ಆಕೆಯ ಕಿವಿ ಮುಚ್ಚಿಸಿ ಯಂತ್ರದ ದಾರಿಗೆ ಕಳಿಸಿದ್ದಾರೆ.

“ಜಾಗ ಮಾಡೋಕೆ ಏನು ಅಳಿಸಿದ್ದಾರೆ ಅಂತ ಗೊತ್ತಾಗುತ್ತಾ?”

“ಕಸದ ಬುಟ್ಟೀಲಿ ಇನ್ನೂ ಇರುತ್ತೆ.”

ಬುಟ್ಟಿ ತೆರೆದರೆ ಬರೀ ಹೂವು. ಗುಲಾಬಿ, ತಾವರೆ, ಕಾಫಿ ಲೋಟ, ಉದಯಿಸುವ ಸೂರ್ಯ, ಎಲ್ಲದರ ಮೇಲೂ ‘ಶುಭೋದಯ’. ಅಳಿಸಿದವರು ಅದನ್ನಷ್ಟೇ ಆರಿಸಿ ಆರಿಸಿ ತೆಗೆದಿದ್ದರು. ಮೊಮ್ಮಗಳು ಕುಣಿದ ಉದ್ದುದ್ದ ವಿಡಿಯೋಗಳು ಇದ್ದಲ್ಲೇ ಇದ್ದವು. ತೀರಿಕೊಂಡ ಗಂಡನ ದನಿ ಇದ್ದ ರೆಕಾರ್ಡಿಂಗುಗಳೂ ಹಾಗೇ ಇದ್ದವು. ಅಂಥ ಒಂದು ವಿಡಿಯೋ ಅಳಿಸಿದ್ದರೆ ಜಾಗ ಮಾಡುವ ಅರ್ಧ ಕೆಲಸ ಮುಗಿಯುತ್ತಿತ್ತು.

ದುರ್ಬೀನಮ್ಮ ಹುಬ್ಬು ಗಂಟಿಕ್ಕಿದಳು. ಕೊಲ್ಲಲು ಹೊರಟವರಿಗೆ ಇಷ್ಟು ವ್ಯವಧಾನ ಎಲ್ಲಿಂದ ಬಂತು? ಮುದುಕಿಗೆ ಯಾವುದು ಜೀವ, ಯಾವುದು ಕಸ ಎಂದು ತಿಳಿದವರ ಬೆರಳು ಅದು. ಈ ಯೋಚನೆ ಅವಳಿಗೆ ಹಿಡಿಸಲಿಲ್ಲ, ಆದರೆ ಬಿಟ್ಟೂ ಹೋಗಲಿಲ್ಲ.

“ಈ ಹೂವೆಲ್ಲ ಕಳಿಸಿದ್ದು ಯಾರು?” ಎಂದು ಕೇಳಿದಳು.

ಡಾಕ್ಟರಮ್ಮ ನೋಡಿ ನಕ್ಕಳು. “ಎಲ್ಲ ಒಬ್ಬರೇ. ಅಳಿಯಂದಿರು.”

*

ಗೋದಾಮಿನ ಆಫೀಸಿನಲ್ಲಿ ಗೋಡೆಯೂ ಗಾಜೇ. ಒಳಗೆ ಕೂತರೆ ಇಡೀ ಗೋದಾಮು ಕಾಣುತ್ತದೆ: ಓರೆಯಾಗಿ ಒರಗಿಸಿಟ್ಟ ಹಾಳೆಗಳು, ಮರದ ಪೆಟ್ಟಿಗೆಗಳು, ದಪ್ಪ ಚರ್ಮದ ಗ್ಲೌಸ್ ಹಾಕಿ ಮೆಲ್ಲಗೆ ನಡೆಯುವ ಕೆಲಸದವರು. ಪೆಟ್ಟಿಗೆಗಳ ಹಿಂದಿನ ಸಾಲು ಮಾತ್ರ ಕಾಣುವುದಿಲ್ಲ. ಅಪಘಾತವಾದದ್ದು ಅಲ್ಲಿಯೇ. ಮೂಲೆಯಲ್ಲಿ ಹಳದಿ ಫೋರ್ಕ್‌ಲಿಫ್ಟು ಮುಖ ಊದಿಸಿಕೊಂಡು ನಿಂತಿತ್ತು, ಪೊಲೀಸರ ಪಟ್ಟಿ ಸುತ್ತಿಕೊಂಡು.

ಅಳಿಯ ಅತ್ತೆಯ ಕುರ್ಚಿಯಲ್ಲಿ ಕೂತಿದ್ದ. ಆಕೆ ಆಸ್ಪತ್ರೆ ಸೇರಿದ ಮೇಲೆ ಅದರ ಎತ್ತರವನ್ನೂ ತನಗೆ ತಕ್ಕಂತೆ ಏರಿಸಿಕೊಂಡಿದ್ದ. ದುರ್ಬೀನಮ್ಮ ಅದನ್ನು ಬಾಗಿಲಿಂದಲೇ ಗಮನಿಸಿದಳು.

“ಬನ್ನಿ ಮೇಡಂ. ಅತ್ತೆ ಮಿಷನ್ ರಿಪೇರಿ ಆಯ್ತಾ?”

“ಆಗುತ್ತೆ. ನೀವು ದಿನಾ ಶುಭೋದಯ ಕಳಿಸ್ತಿದ್ರಂತೆ.”

“ಒಂದು ದಿನಾನೂ ತಪ್ಪಿಸಿಲ್ಲ,” ಎಂದ ಅವನು, ಎದೆ ಸ್ವಲ್ಪ ಮುಂದೆ ಬಂತು.

“ಅಷ್ಟನ್ನೂ ಯಾರೋ ಅಳಿಸಿ ಹಾಕಿದ್ದಾರೆ.”

ಅಳಿಯನ ಮುಖ ನಿಜವಾಗಿಯೂ ಸಣ್ಣದಾಯಿತು. ಕೊಲೆಗಾರನ ಮುಖ ಹೀಗಾಗುವುದನ್ನು ದುರ್ಬೀನಮ್ಮ ನೋಡಿರಲಿಲ್ಲ. ಆದರೆ ನಾಟಕ ಆಡುವವರನ್ನು ಬೇಕಾದಷ್ಟು ನೋಡಿದ್ದಳು. ಅಪ್‌ಡೇಟಿನ ವಿಷಯ ಹೇಳಿದಳು, ಅದರಿಂದ ಕಿವಿ ಸತ್ತ ವಿಷಯ ಹೇಳಿದಳು. ಹೇಳುತ್ತಾ ಅವನ ಕೈಯನ್ನೇ ನೋಡುತ್ತಿದ್ದಳು. ಮೇಜಿನ ಮೇಲಿದ್ದ ಪೇಪರ್‌ವೇಟನ್ನು ಅದು ಸುಮ್ಮನೆ ತಿರುಗಿಸುತ್ತಿತ್ತು.

“ಹಾಗೋ!” ಎಂದ ಅಳಿಯ. “ನನಗೆ ಗೊತ್ತೇ ಇರಲಿಲ್ಲ. ಆವತ್ತು ಬೆಳಗ್ಗೆ ಅತ್ತೆ ಎಂದಿನ ಹಾಗೇ ಇದ್ರು.”

“ಎಂದಿನ ಹಾಗೇ?”

“ಎಂದಿನ ಹಾಗೇ.”

“ಅವರು ಎಲ್ಲಿ ಕೂತಿದ್ರು?”

“ಇಲ್ಲೇ, ಈ ಕುರ್ಚೀಲಿ.”

“ನೀವು?”

“ಈಗ ನೀವು ಕೂತಿದ್ದೀರಲ್ಲ, ಅಲ್ಲಿ.”

ದುರ್ಬೀನಮ್ಮ ಕೈ ಚಾಚಿದಳು. ಪೇಪರ್‌ವೇಟು ಅವಳ ಕೈಗೆ ಸಿಕ್ಕಿತು. ಅದನ್ನು ಅವನ ಬೆರಳಿಂದ ಬಿಡಿಸಿ ಪಕ್ಕಕ್ಕಿಟ್ಟಳು.

“ಕೈಗೆಟುಕುವಷ್ಟು ಹತ್ತಿರ. ಬಾಯಿ ಬಿಟ್ಟರೆ ಕೇಳಿಸುವಷ್ಟು ಹತ್ತಿರ. ಹಾಗಿದ್ದ ಮೇಲೆ ಅತ್ತೆಗೆ ಮೆಸೇಜ್ ಯಾಕೆ ಕಳಿಸಿದ್ರಿ?”

ಅವಳು ಯಜಮಾನಿಯ ಫೋನು ತೆಗೆದು ಓದಿದಳು. “‘ಅತ್ತೆ, ಹಿಂದುಗಡೆ ಲೋಡ್ ಇಳೀತಾ ಇದೆ, ಹೋಗಿ ನೋಡಿ.’ ಹಿಂದಿನ ಎಲ್ಲ ಮೆಸೇಜು ತಿರುವಿ ಹಾಕಿದ್ದೀನಿ. ಬೆಳಗಾದರೆ ಹೂವು, ಅದು ಬಿಟ್ಟರೆ ಒಂದಕ್ಷರ ಇಲ್ಲ. ಎದುರಿಗೆ ಕೂತವರಿಗೆ ಬರೆದು ಕಳಿಸಿದ್ದು ಅದೊಂದೇ ದಿನ.”

“ಅದು...”

“ಅತ್ತೆಗೆ ಕೇಳಿಸ್ತಿಲ್ಲ ಅಂತ ನಿಮಗೆ ಗೊತ್ತಿತ್ತು.”

ಗಾಜಿನಾಚೆ ಇಬ್ಬರು ಒಂದು ದೊಡ್ಡ ಹಾಳೆಯನ್ನು ರಬ್ಬರ್ ಹಿಡಿಗಳಿಂದ ಹಿಡಿದು ದಾಟಿಸುತ್ತಿದ್ದರು. ಅಳಿಯ ಅವರು ಮರೆಯಾಗುವವರೆಗೆ ಅತ್ತಲೇ ನೋಡಿದ. ಆಮೇಲೆ ದನಿ ತಗ್ಗಿಸಿದ, ಕೇಳಿಸಿಕೊಳ್ಳುವವರು ಅಲ್ಲಿ ಯಾರೂ ಇಲ್ಲದಿದ್ದರೂ.

“ನಾನು ಬಂದ ತಕ್ಷಣ ಕಿವಿ ಮುಟ್ಟಿ ಸನ್ನೆ ಮಾಡಿದ್ರು, ಏನೂ ಕೇಳಿಸ್ತಿಲ್ಲ ಅಂತ. ಕೂಗಿದೆ, ಗೊತ್ತಾಗಲಿಲ್ಲ. ಮಿಷನ್ ತಗೊಂಡು ಡಾಕ್ಟರಮ್ಮನ ಹತ್ರ ಹೋಗೋಣ ಅಂತ ಬರೆದು ತೋರಿಸಿದೆ. ಸಂಜೆ ನೋಡೋಣ ಅಂತ ಕೈ ಆಡಿಸಿದ್ರು. ಅಷ್ಟೊತ್ತಿಗೆ ಲೋಡ್ ಬಂತು. ಲೋಡ್ ಇಳೀಬೇಕಾದ್ರೆ ಅತ್ತೆ ಅಲ್ಲಿರಲೇಬೇಕು, ಇಲ್ಲಾಂದ್ರೆ ಆಮೇಲೆ ನನ್ನ ಜನ್ಮ ಜಾಲಾಡ್ತಾರೆ. ಅದಕ್ಕೆ ಕಳಿಸಿದೆ.”

“ಕಿವಿ ಕೇಳದ ಹೆಂಗಸನ್ನ ಫೋರ್ಕ್‌ಲಿಫ್ಟ್ ಓಡಾಡೋ ಕಡೆಗೆ.”

“ಅಷ್ಟು ಯೋಚನೆ ಬರಲಿಲ್ಲ ಮೇಡಂ, ಸತ್ಯವಾಗ್ಲೂ.”

“ಆಮೇಲಾದ್ರೂ ಬಂತಲ್ಲ? ಪೊಲೀಸರಿಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ? ಕಳಿಸಿದವನು ನೀನೇ ಅಂತ ನನ್ನನ್ನ ಎತ್ತಿಹಾಕ್ಕೊಂಡು ಹೋಗ್ತಿದ್ರು.”

“ಅದರ ಬದಲು ಅವನೇ ಹೋಗಲಿ ಅಂತ ಬಿಟ್ಟಿರಿ. ಬೇಕಂತಲೇ ಗುದ್ದಿದ ಅಂತ ಬೇರೆ ಹೇಳಿದ್ರಿ.”

ಅಳಿಯನ ಕುತ್ತಿಗೆ ಕೆಂಪಾಯಿತು. ಎದ್ದು ನಿಂತ. “ಹೇಳಿದೆ. ಯಾಕೆ ಹೇಳಬಾರದು? ನಾನು ಈ ಮನೆ ಅಳಿಯ, ಆದ್ರೆ ಗೋದಾಮಿನ ಕೀಲಿ ಇರೋದು ಅವನ ಹತ್ರ. ಬೆಳಗ್ಗೆ ಬಾಗಿಲು ತೆಗೆಯೋದು ಅತ್ತೆ ಮತ್ತೆ ಅವನು, ಇಬ್ಬರೇ. ನಾನು ಬರೋ ಹೊತ್ತಿಗೆ ಇಬ್ಬರೂ ಕೂತು ನಗ್ತಿರ್ತಾರೆ. ನನ್ನನ್ನ ಕಂಡ ಕೂಡ್ಲೆ ನಗು ನಿಲ್ಲುತ್ತೆ.”

ಹೊಟ್ಟೆಕಿಚ್ಚು ಹೊರಬಿದ್ದಿತ್ತು. ದುರ್ಬೀನಮ್ಮನಿಗೆ ಅವನ ಮೇಲೆ ಸಿಟ್ಟೂ ಬಂತು, ಒಂದಿಷ್ಟು ಅಯ್ಯೋ ಪಾಪ ಅನ್ನಿಸಿತೂ ಕೂಡ. ಆದರೂ ಪಟ್ಟು ಸಡಿಲಿಸಲಿಲ್ಲ.

“ಅಪ್‌ಡೇಟ್ ಹಾಕಿದ್ದು ನೀವೇ ತಾನೆ?”

“ನಾನಾ?” ಅವನು ನಕ್ಕೇಬಿಟ್ಟ, ಚೆಂದದ ನಗುವಲ್ಲ. “ಅತ್ತೆ ಫೋನ್ ನಾನು ಮುಟ್ಟಿದ್ರೆ ಕೈಮೇಲೆ ಹೊಡೀತಾರೆ. ನನ್ನ ಹೆಂಡತಿಗೂ ಕೊಡಲ್ಲ. ಫೋಟೋ ಅಳಿಸೋಕೆ, ರೀಚಾರ್ಜ್ ಮಾಡೋಕೆ, ಅಕ್ಷರ ದೊಡ್ಡದು ಮಾಡೋಕೆ, ಎಲ್ಲದಕ್ಕೂ ಅವರಿಗೆ ಒಬ್ಬನೇ ಬೇಕು.”

“ಯಾರು?”

“ಯಾರನ್ನ ಬಿಡಿಸೋಕೆ ಓಡಾಡ್ತಿದ್ದೀರೋ ಅವನೇ ಮೇಡಂ. ನಿಮ್ಮ ಡ್ರೈವರ್.”

*

ಠಾಣೆಯ ಹೊರಗಿನ ಬೆಂಚಿನ ಮೇಲೆ ಡ್ರೈವರನ ಹೆಂಡತಿ ಕೂತಿದ್ದಳು, ಮಡಿಲಲ್ಲಿ ಊಟದ ಡಬ್ಬಿ. ಬಟ್ಟೆ ಹೊಲಿದು ಬದುಕುವವಳು. ತೋಳಿಗೆ ಅಂಟಿದ ನೂಲಿನ ಎಳೆಗಳನ್ನೂ ಕೊಡವಿಕೊಳ್ಳದೆ ಓಡಿ ಬಂದಿದ್ದಳು. ಗಂಡನನ್ನು ಹಿಡಿದುಕೊಂಡು ಹೋದ ಮೇಲೆ ಒಂದು ಸಲವೂ ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಡಬ್ಬಿ ಒಳಗೆ ಹೋಗುತ್ತಿತ್ತು, ಖಾಲಿಯಾಗಿ ಹೊರಗೆ ಬರುತ್ತಿತ್ತು. ಅಷ್ಟೇ ಅವರ ಸಂಸಾರ ಈಗ.

“ಏನಾದ್ರೂ ಸಿಕ್ತಾ ಅಕ್ಕಾ?” ಎಂದು ಎದ್ದಳು. “ನಾಳೆ ಕೋರ್ಟಂತೆ. ಜೈಲಿಗೆ ಹಾಕಿದ್ರೆ ಹೊರಗೆ ಬರೋದು ಯಾವ ಕಾಲಕ್ಕೋ!”

“ಕೂತಿರು. ಮಾತಾಡಿಸಿ ಬರ್ತೀನಿ.”

ಹಳೆಯ ಸಲಿಗೆಗೆ ಕಾನ್‌ಸ್ಟೇಬಲ್ ಬಾಗಿಲು ಬಿಟ್ಟ, ಇನ್‌ಸ್ಪೆಕ್ಟರ್ ಬರುವುದರೊಳಗೆ ಮುಗಿಸಿ ಎಂದು ಪಿಸುಗುಟ್ಟಿದ. ಬೆಳಗ್ಗೆ ದುರ್ಬೀನಮ್ಮ ಇಲ್ಲಿಗೆ ಗೆದ್ದವಳ ಹಾಗೆ ಬರುತ್ತೇನೆಂದುಕೊಂಡಿದ್ದಳು. ಕೈಯಲ್ಲಿ ಬಿಡುಗಡೆಯ ಕೀಲಿ ಇದೆ ಎಂದುಕೊಂಡಿದ್ದಳು. ಈಗ ಅದೇ ಕೀಲಿಯಿಂದ ಇನ್ನೊಂದು ಬೀಗ ಬೀಳುವ ಹಾಗಿತ್ತು. ಯಜಮಾನಿಯನ್ನು ಕಿವುಡಿ ಮಾಡಿದವನೂ ಅವನೇ, ಯಂತ್ರ ಓಡಿಸಿದವನೂ ಅವನೇ ಎಂದರೆ ಇನ್ನೇನು ಉಳಿಯಿತು?

ಡ್ರೈವರ್ ಗೋಡೆಗೆ ಒರಗಿ ಕೂತಿದ್ದ. ಅವಳನ್ನು ಕಂಡು ಸರಳಿನ ಹತ್ತಿರ ಬಂದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿತ್ತು.

“ಅಮ್ಮಾವ್ರು ಹೇಗಿದ್ದಾರೆ ಅಕ್ಕಾ?” ಎಂಬುದೇ ಅವನ ಮೊದಲ ಮಾತು.

“ಅವರ ಫೋನಿಗೆ ಅಪ್‌ಡೇಟ್ ಹಾಕಿದ್ದು ನೀನಾ?”

ಅವನು ಕಾನ್‌ಸ್ಟೇಬಲ್ ಕಡೆ ನೋಡಿದ. ನೆಲ ನೋಡಿದ. “ಹೌದು.”

“ಹಾಕಿದ್ರೆ ಕಿವಿ ಹೋಗುತ್ತೆ ಅಂತ ಗೊತ್ತಿತ್ತಾ?”

“ಗೊತ್ತಿತ್ತು. ಡಾಕ್ಟರಮ್ಮ ಹೇಳುವಾಗ ನಾನೂ ಅಲ್ಲೇ ಇದ್ದೆ.”

“ಅಯ್ಯೋ ಪುಣ್ಯಾತ್ಮ!” ದುರ್ಬೀನಮ್ಮನಿಗೆ ಸಿಟ್ಟು ನೆತ್ತಿಗೇರಿತು. “ನಿನ್ನ ಹೆಂಡತಿ ಹೊರಗೆ ಕೂತು ಕಣ್ಣೀರು ಹಾಕ್ತಿದ್ದಾಳೆ. ನಾನು ನಿನ್ನ ಪರವಾಗಿ ಊರೆಲ್ಲ ಸುತ್ತುತ್ತಿದ್ದೀನಿ. ಇದನ್ನ ಇಷ್ಟು ದಿನ ಹೊಟ್ಟೇಲಿ ಇಟ್ಟುಕೊಂಡಿದ್ದೀಯಾ?”

“ಹೇಳಲ್ಲ ಅಂತ ಅಮ್ಮಾವ್ರಿಗೆ ಮಾತು ಕೊಟ್ಟಿದ್ದೀನಿ.”

“ಅಮ್ಮಾವ್ರಿಗೆ?”

ಅವನು ಒಂದೊಂದಾಗಿ ಹೇಳಿದ. “ಅವರೇ ಹಾಕು ಅಂದ್ರು ಅಕ್ಕಾ. ‘ನನಗೆ ಕೇಳಿಸುತ್ತೆ ಅಂತ ಗೊತ್ತಿರೋವರೆಗೆ ಎಲ್ಲರೂ ನನ್ನ ಮುಂದೆ ಒಳ್ಳೆಯವರೇ. ಸ್ವಲ್ಪ ದಿನ ನಾನು ಕಿವುಡಿ ಆಗ್ಬೇಕು. ನನ್ನ ಎದುರಿಗೇ ಯಾರು ಏನು ಮಾತಾಡ್ಕೋತಾರೆ ಅಂತ ನೋಡ್ಬೇಕು’ ಅಂದ್ರು. ಸುಮ್ಮನೆ ನಟಿಸಿ ಸಾಕು ಅಂದೆ. ‘ಅಳಿಯ ಫೋನ್ ಎತ್ಕೊಂಡು ಡಾಕ್ಟರಮ್ಮನ ಹತ್ರ ಓಡ್ತಾನೆ, ಅಲ್ಲಿ ಗುಟ್ಟು ರಟ್ಟಾಗುತ್ತೆ. ನಿಜವಾಗ್ಲೂ ಕೆಡಬೇಕು’ ಅಂದ್ರು. ಆ ಶುಭೋದಯಗಳನ್ನೆಲ್ಲ ಅಳಿಸಿ ಜಾಗ ಮಾಡಿ ಹಾಕಿಕೊಟ್ಟೆ. ಆಫೀಸಿನ ವೈಫೈನಲ್ಲಿ ಇಳೀತು. ಅದು ಮುಗಿದು ಫೋನ್ ಮತ್ತೆ ಆನ್ ಆಗೋವರೆಗೂ ಇಬ್ಬರೂ ನಗ್ತಾ ಕೂತಿದ್ವಿ.”

“ಮಿಷನ್ ಕೆಟ್ಟ ಮೇಲೆ ಯಾರು ಏನು ಮಾತಾಡಿದ್ರೂ ಅವರಿಗೆ ಹೇಗೆ ಕೇಳಿಸುತ್ತೆ?”

“ಹಳೇ ಮಿಷನ್ ಇದೆಯಲ್ಲ. ಫೋನು ಗೀನು ಬೇಡದ್ದು. ಹೊಸದನ್ನ ಡಬ್ಬಿಗೆ ಹಾಕಿ ಹಳೇದನ್ನ ಕಿವೀಲಿಟ್ಟು, ಕೂದಲು ಮುಂದಕ್ಕೆ ಬಾಚ್ಕೊಂಡ್ರು. ಗೊತ್ತಿದ್ದು ನೋಡಿದ್ರೂ ಕಾಣ್ತಿರಲಿಲ್ಲ.”

ದುರ್ಬೀನಮ್ಮ ಸರಳು ಹಿಡಿದುಕೊಂಡಳು. ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಹಳೆಯ ಮಿಷನ್ ಇರಲಿಲ್ಲ. ಬಿದ್ದವಳ ಕಿವಿಯಿಂದ ಅದನ್ನು ಯಾರೋ ತೆಗೆದಿದ್ದರು, ಇಲ್ಲವೇ ಆಕೆಯೇ ಮುಚ್ಚಿಟ್ಟುಕೊಂಡಿದ್ದಳು. ಆದರೆ ಅದಕ್ಕಿಂತ ದೊಡ್ಡ ಮಾತು ಬೇರೊಂದಿತ್ತು.

“ಹಾಗಾದ್ರೆ ಅವರಿಗೆ ಹಾರ್ನ್ ಕೇಳಿಸಿದೆ.”

“ಕೇಳಿಸಿದೆ.”

“ಕೇಳಿಸಲಿಲ್ಲ ಅಂತ ಯಾಕೆ ಹೇಳಿದ್ರು ಮತ್ತೆ?”

“ಅದೇ ನನಗೂ ಅರ್ಥ ಆಗ್ತಿಲ್ಲ ಅಕ್ಕಾ. ತಲೆಗೆ ಏಟು ಬಿದ್ದು ಮರೆತಿದ್ದಾರೆ, ನೆನಪಾದ್ರೆ ಹೇಳ್ತಾರೆ ಅಂತ ಕಾಯ್ತಿದ್ದೀನಿ. ನನ್ನನ್ನ ಮಗ ಅಂತಿದ್ರು ಅವರು.”

“ಆವತ್ತು ಆಗಿದ್ದನ್ನ ಸರಿಯಾಗಿ ಹೇಳು. ಒಂದೂ ಬಿಡಬೇಡ.”

“ಹಿಂದಿನ ಸಾಲಿಂದ ಗಾಡಿ ಹಿಂದಕ್ಕೆ ತಗೋಬೇಕಿತ್ತು. ಹಾರ್ನ್ ಹೊಡೆದೆ. ಅಮ್ಮಾವ್ರು ನನ್ನ ಕಡೆ ನೋಡಿದ್ರು. ಪಕ್ಕಕ್ಕೆ ಸರಿದು ನಿಂತು, ಕೈ ಎತ್ತಿ ‘ಬಾ’ ಅಂದ್ರು. ನಾನು ಬಂದೆ. ಅಷ್ಟರಲ್ಲಿ ಗಾಡಿ ಕನ್ನಡೀಲಿ ನೋಡ್ತೀನಿ, ಅವರು ತಿರುಗಿಬಿಟ್ಟಿದ್ದಾರೆ, ಹಿಂದಿಂದ ಯಾರೋ ಕರೆದ ಹಾಗೆ. ಮುಖದ ತುಂಬ ನಗು. ನಗ್ತಾನೇ ನನ್ನ ದಾರಿಗೆ ಅಡ್ಡ ನಡೆದುಬಿಟ್ರು. ಬ್ರೇಕ್ ಹಾಕಿದೆ, ನಿಲ್ಲೋಷ್ಟರಲ್ಲಿ ಗಾಡಿ ತಗುಲಿಬಿಡ್ತು.”

“ಕರೆದದ್ದು ಗೋದಾಮಿನವರಾ?”

“ನಮ್ಮಲ್ಲಿ ಯಾರೂ ಹಿಂದಿಂದ ಕರೆಯಲ್ಲ ಅಕ್ಕಾ. ಗಾಜು ಹಿಡಿದವನು ಗಕ್ಕನೆ ತಿರುಗಿದ್ರೆ ಪಕ್ಕದವನ ಕತ್ತು ಹೋಗುತ್ತೆ. ಏನೇ ಇದ್ರೂ ಮುಂದೆ ಬಂದು, ಮುಖ ತೋರಿಸಿ ಮಾತಾಡ್ಬೇಕು. ಕೆಲಸಕ್ಕೆ ಸೇರಿದ ದಿನ ಮೊದಲು ಕಲಿಸೋದೇ ಅದು. ಅಳಿಯಂದಿರಿಗೂ ಗೊತ್ತು.”

“ಅಂದ್ರೆ ಹೊರಗಿನವರು.”

ಅವನು ಮುಖ ಪಕ್ಕಕ್ಕೆ ತಿರುಗಿಸಿದ.

“ಹೊರಗಿನವರು, ಅಮ್ಮಾವ್ರಿಗೆ ಬೇಕಾದವರು. ಅವರಿಗೆ ಕಿವಿ ಕೇಳಿಸುತ್ತೆ ಅಂತ ಗೊತ್ತಿದ್ದವರು. ನೋಡಿದ್ಯಾ?”

“ಇಲ್ಲ,” ಎಂದ. ಪ್ರಶ್ನೆ ಮುಗಿಯುವ ಮೊದಲೇ ಅಂದಿದ್ದ.

“ಅಮ್ಮಾವ್ರು ಕೈ ಎತ್ತಿದ್ದು, ಬಾ ಅಂದಿದ್ದು, ಇದನ್ನ ಪೊಲೀಸರಿಗೆ ಹೇಳಿದ್ಯಾ?”

“ಯಾರಿಗೂ ಹೇಳಿಲ್ಲ. ನಿಮಗೇ ಮೊದಲು.” ಅವನು ಸರಳಿನ ನಡುವೆ ಮುಖ ತಂದ. “ಅಕ್ಕಾ, ಈ ಕೇಸು ಬಿಟ್ಟುಬಿಡಿ. ಯಾರು ಕರೆದ್ರು ಅಂತ ಹುಡುಕಬೇಡಿ. ನಾಳೆ ನಾನು ಒಪ್ಕೋತೀನಿ. ಹಾರ್ನ್ ಹೊಡೀಲಿಲ್ಲ ಅಂತೀನಿ, ಬೇಕಂತಲೇ ಗುದ್ದಿದೆ ಅಂತೀನಿ, ಏನು ಬೇಕಾದ್ರೂ ಅಂತೀನಿ.”

“ಯಾರಿಗೋಸ್ಕರ?”

ಅವನು ಹಿಂದೆ ಸರಿದು ಮತ್ತೆ ಗೋಡೆಗೆ ಒರಗಿದ. ಮುಖವನ್ನು ತೋಳಲ್ಲಿ ಮುಚ್ಚಿಕೊಂಡ. ಕಾನ್‌ಸ್ಟೇಬಲ್ ಬಂದು, ಸಾಹೇಬರ ಜೀಪು ಗೇಟಿಗೆ ಬಂತು, ಹೊರಡಿ ಎಂದ.

ದುರ್ಬೀನಮ್ಮ ಹೊರಗೆ ಬಂದಳು. ತಪ್ಪು ಮಾಡದವನು ತಾನಾಗಿ ಜೈಲಿಗೆ ಹೋಗುತ್ತೇನೆ ಅನ್ನುತ್ತಿದ್ದ. ಅವನನ್ನು ಮಗನೆನ್ನುತ್ತಿದ್ದ ಯಜಮಾನಿಯೂ ಗೊತ್ತಿದ್ದೂ ಗೊತ್ತಿದ್ದೂ ಅವನನ್ನು ಜೈಲಿಗೆ ಕಳಿಸುತ್ತಿದ್ದಳು. ಹಾರ್ನ್ ಕೇಳಿಸಿತು ಎಂದರೆ ಮತ್ತೆ ಯಾಕೆ ಅಡ್ಡ ಬಂದೆ, ಯಾರು ಕರೆದರು ಎಂದು ಪೊಲೀಸರು ಕೇಳುತ್ತಾರೆ. ಕರೆದ ಆ ಒಬ್ಬರನ್ನೇ ಇಬ್ಬರೂ ಕಾಯುತ್ತಿದ್ದಾರೆಯೇ? ಅಳಿಯನಿಗಾಗಿ ಈ ಇಬ್ಬರೂ ಒಂದು ಹುಲ್ಲುಕಡ್ಡಿಯನ್ನೂ ಎತ್ತಿಡುವವರಲ್ಲ.

ಬೆಂಚಿನಿಂದ ಡ್ರೈವರನ ಹೆಂಡತಿ ಓಡಿ ಬಂದು ಅವಳ ಕೈ ಹಿಡಿದಳು. ಆ ಕೈ ತಣ್ಣಗಿತ್ತು.

“ಏನಂದ್ರು ಅಕ್ಕಾ? ಬಾಯಿ ಬಿಟ್ರಾ?”

“ಹೆಚ್ಚೇನಿಲ್ಲ,” ಎಂದಳು ದುರ್ಬೀನಮ್ಮ. “ಹಾರ್ನ್ ಹೊಡೆದೆ ಅಂತಾನೆ. ಹಳೇದೇ.”

“ಅಷ್ಟೇನಾ?” ಹೆಂಡತಿಯ ಕಣ್ಣಲ್ಲಿ ಮತ್ತೆ ನೀರು ತುಂಬಿತು. ಅಳುವಿನಲ್ಲೇ ರೇಗಿದಳು. “ಎಂಥ ಗಂಡಸಪ್ಪಾ ಇವನು! ತನಗೆ ಅನುಕೂಲ ಆಗೋ ಮಾತನ್ನೂ ನುಂಗ್ಕೊಂಡ್ರೆ ಹೇಗೆ? ಅಮ್ಮಾವ್ರು ಪಕ್ಕಕ್ಕೆ ನಿಂತು, ಕೈ ಎತ್ತಿ ‘ಬಾ’ ಅಂದಿದ್ದನ್ನಾದ್ರೂ ಹೇಳಬೇಕೋ ಬೇಡವೋ?”

ದುರ್ಬೀನಮ್ಮ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

“ಆವತ್ತು ಬೆಳಗ್ಗೆಯೆಲ್ಲ ಮನೇಲಿ ಹೊಲಿಗೆ ಮಿಷನ್ ಮುಂದೆ ಕೂತಿದ್ದೆ ಅಂದಿದ್ಯಲ್ಲಮ್ಮಾ,” ಎಂದಳು.